ಹೂಮಳೆ ಆದ್ಮೇಲೆ ಕಾಫಿ ಮೊಗ್ಗಲ್ಲಿ ಯಾವ ಜೀನ್ ಆನ್ ಆಗುತ್ತೆ? ತೋಟದಿಂದ ಕ್ಯುಪಿಸಿಆರ್ ತನಕ ಮಾಡೋದು ಹೇಗೆ

ಕೊಡಗಲ್ಲಿ ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಯಾರು ಸಿಕ್ಕಿದ್ರೂ ಮೊದಲ ಪ್ರಶ್ನೆ ಒಂದೇ, ನಿಮ್ಕಡೆ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಎಷ್ಟು ಸೆಂಟ್ ಆಯ್ತು ಅಂತ. ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ. ಒಂದು ಇಂಚು ಇಪ್ಪತ್ತು ಸೆಂಟ್ ಆಯ್ತು ಅಂದ್ರೆ ಮುಖ ಅರಳುತ್ತೆ, ಹದಿನೈದು ಸೆಂಟ್ ಅಂದ್ರೆ ಅವತ್ತೇ ಸ್ಪ್ರಿಂಕ್ಲರ್ ಪೈಪ್ ಎಳೆಯೋಕೆ ಶುರು. ಸರಿಯಾಗಿ ನೀರು ಬಿದ್ದು ಏಳೆಂಟು ದಿನಕ್ಕೆ ರೊಬಸ್ಟಾ ಬೆಳ್ಳಗಾಗುತ್ತೆ, ಅರೇಬಿಕಾ ಇನ್ನೊಂದೆರಡು ದಿನ ಲೇಟು. ಇದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ಅಲ್ಲೀತನಕ ಒಣಗಾಳಿಯಲ್ಲಿ ವಾರಗಟ್ಟಲೆ ಒಂದು ಅರ್ಧ ಸೆಂಟಿಮೀಟರ್ ಉದ್ದಕ್ಕೆ ನಿಂತುಬಿಟ್ಟಿದ್ದ ಮೊಗ್ಗಿಗೆ, ನೀರು ಸಿಕ್ಕ ತಕ್ಷಣ ಒಳಗೆ ಏನಾಗುತ್ತೆ? ಅದೇ ಡಿಎನ್‌ಎ, ಅದೇ ಕೋಶ, ನಿನ್ನೆ ಸುಮ್ನೆ ಇದ್ದಿದ್ದು ಇವತ್ತು ಬೆಳೆಯೋಕೆ ಹೊರಟಿದೆ ಅಂದ್ರೆ ಯಾವುದೋ ಜೀನುಗಳಿಂದ ಆರ್‌ಎನ್‌ಎ ನಕಲು ಆಗೋದು ಶುರು ಆಗಿದೆ, ಇನ್ಯಾವುದೋ ನಿಂತಿದೆ. ಟ್ರಾನ್ಸ್‌ಕ್ರಿಪ್ಶನ್ ರೆಗ್ಯುಲೇಶನ್ ಅಂತ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ.

ಪೊನ್ನಂಪೇಟೆ, ಚಿಕ್ಕಅಳುವಾರ, ಮೈಸೂರು, ಮಂಗಳೂರು ಅಂತ ಓದ್ತಾ ಇರೋ ನಮ್ಮ ಕಡೆ ಹುಡುಗ್ರು ಹುಡ್ಗೀರು ಎಂಎಸ್ಸಿ ಪ್ರಾಜೆಕ್ಟಿಗೆ ಏನ್ ಮಾಡ್ಲಿ ಅಂತ ಕೇಳ್ತಾನೇ ಇರ್ತಾರೆ, ಅವರಿಗೆ ಅಂತ ಇದನ್ನ ಬರೀತಾ ಇದೀನಿ. ಮನೆ ತೋಟದಲ್ಲೇ ಇಷ್ಟು ಒಳ್ಳೆ ಪ್ರಶ್ನೆ ಇರುವಾಗ ಎಲ್ಲಿಂದಲೋ ಡೇಟಾ ಡೌನ್‌ಲೋಡ್ ಮಾಡಿ ಗ್ರಾಫ್ ಹಾಕೋದು ಯಾಕೆ. ಒಂದು ಮಾತು ಮಾತ್ರ ಮೊದಲೇ ಹೇಳ್ತೀನಿ, ಎಲ್ಲರ ತಲೆ ಕ್ಯುಪಿಸಿಆರ್ ಮೆಷಿನ್ (ಯಾವ ಜೀನಿನ ನಕಲು ಎಷ್ಟಿದೆ ಅಂತ ಅಳೆಯೋದು) ಮೇಲೇ ಇರುತ್ತೆ, ಯಾವ ಕಂಪನಿದು, ಎಷ್ಟು ವೆಲ್ಲಿಂದು (ಸ್ಯಾಂಪಲ್ ಹಾಕೋ ಗುಳಿ) ಅಂತ. ಆದ್ರೆ ನಿಮ್ಮ ರಿಸಲ್ಟ್ ಒಳ್ಳೇದಾಗುತ್ತೋ ಹಾಳಾಗುತ್ತೋ ಅನ್ನೋದು ತೋಟದಲ್ಲೇ, ಮೊಗ್ಗು ಕಿತ್ತ ಮೊದಲ ಒಂದೆರಡು ನಿಮಿಷದಲ್ಲೇ ಮುಗಿದುಹೋಗಿರುತ್ತೆ, ಮೆಷಿನ್ ಅದನ್ನ ಬರೀ ಓದಿ ಹೇಳುತ್ತೆ ಅಷ್ಟೇ.

ಥಿಯರಿ ಎಷ್ಟು ಬೇಕೋ ಅಷ್ಟು

ಜೀನಿನ ಮುಂದೆ ಪ್ರೊಮೋಟರ್ ಅಂತ ಒಂದು ಭಾಗ ಇರುತ್ತೆ, ಅಲ್ಲಿಗೆ ಆರ್‌ಎನ್‌ಎ ಪಾಲಿಮರೇಸ್ 2 ಬಂದು ಕೂತು ನಕಲು ಶುರು ಮಾಡಬೇಕು. ಅದು ತಾನಾಗಿ ಬಂದು ಕೂರಲ್ಲ, ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅನ್ನೋ ಪ್ರೋಟೀನುಗಳು ಮೊದಲು ಹೋಗಿ ಹಿಡ್ಕೋಬೇಕು, ಅದಕ್ಕೂ ಮುಂಚೆ ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್ ಅನ್ನೋ ಪ್ರೋಟೀನುಗಳು ಸ್ವಲ್ಪ ಸಡಿಲ ಆಗಬೇಕು. ಗಿಡಗಳಲ್ಲಿ ಬರದ ವಿಷಯಕ್ಕೆ ಬಂದ್ರೆ ಡಿಆರ್‌ಇಬಿ ಗುಂಪಿನ ಫ್ಯಾಕ್ಟರುಗಳು ಸಿಸಿಜಿಎಸಿ ಅನ್ನೋ ಅಕ್ಷರ ಇರೋ ಕಡೆ ಹಿಡ್ಕೊಳ್ಳುತ್ತವೆ, ಅಬ್ಸಿಸಿಕ್ ಆಸಿಡ್ ಅನ್ನೋ ಹಾರ್ಮೋನ್ ಏರಿದಾಗ ಕೆಲಸ ಮಾಡೋ ಇನ್ನೊಂದು ಗುಂಪು ಎಸಿಜಿಟಿಜಿ ಇರೋ ಕಡೆ. ಬ್ಯಾಕ್ಟೀರಿಯಾದಲ್ಲಿ ಜೀನ್ ಹೀಗೆ ಆನ್ ಆಫ್ ಆಗುತ್ತೆ ಅಂತ ಜಾಕಬ್ ಮತ್ತು ಮೊನೊ 1961ರಲ್ಲಿ ಹೇಳಿದ್ರು, 1965ರಲ್ಲಿ ನೊಬೆಲ್ ಬಂತು, ನಮ್ಮ ತರದ ನ್ಯೂಕ್ಲಿಯಸ್ ಇರೋ ಕೋಶದಲ್ಲಿ ಪಾಲಿಮರೇಸ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ ರೋಜರ್ ಕಾರ್ನ್‌ಬರ್ಗ್‌ಗೆ 2006ರಲ್ಲಿ. ವೈವಾದಲ್ಲಿ ಕೇಳ್ತಾರೆ, ನೆನಪಿಟ್ಕೊಳ್ಳಿ.

ನಾವು ಅಳೆಯೋದು ಏನು ಅನ್ನೋದು ಮಾತ್ರ ಸ್ಪಷ್ಟ ಇರಲಿ. ಕ್ಯುಪಿಸಿಆರ್ ಟ್ರಾನ್ಸ್‌ಕ್ರಿಪ್ಶನ್ನಿನ ವೇಗ ಅಳೆಯಲ್ಲ, ಆ ಹೊತ್ತಿಗೆ ಕೋಶದಲ್ಲಿ ಎಷ್ಟು ಎಂಆರ್‌ಎನ್‌ಎ (ಜೀನಿನ ಆರ್‌ಎನ್‌ಎ ನಕಲು) ಇದೆ ಅಂತ ಅಳೆಯುತ್ತೆ. ತೋಟದ ಕೆರೆಯಲ್ಲಿ ನೀರಿನ ಮಟ್ಟ ನೋಡಿದ ಹಾಗೆ, ಮಟ್ಟ ಏರಿದೆ ಅಂದ್ರೆ ಒರತೆ ಜಾಸ್ತಿ ಆಗಿರಬಹುದು, ಇಲ್ಲಾ ಪಂಪ್ ಸೆಟ್ ಆಫ್ ಆಗಿರಬಹುದು. ಎಂಆರ್‌ಎನ್‌ಎ ಕೂಡ ಹಾಗೇ, ಕೆಲವು ನಿಮಿಷಗಳಲ್ಲಿ ಕರಗಿ ಹೋಗುತ್ತವೆ, ಕೆಲವು ಒಂದು ದಿನಕ್ಕಿಂತ ಜಾಸ್ತಿ ಉಳಿಯುತ್ತವೆ. ಹಾಗಾಗಿ ಥೀಸಿಸಲ್ಲಿ ಎಕ್ಸ್‌ಪ್ರೆಶನ್ ಏರಿತು ಅಂತ ಬರೀರಿ, ಟ್ರಾನ್ಸ್‌ಕ್ರಿಪ್ಶನ್ ಏರಿತು ಅಂತ ಬರೀಬೇಕಂದ್ರೆ ಇನ್ನೊಂದು ಕೆಲಸ ಮಾಡಬೇಕು, ಅದು ಕೊನೇಲಿ ಹೇಳ್ತೀನಿ.

ಗಿಡ ಆರಿಸೋದು, ಇಲ್ಲೇ ಅರ್ಧ ಜನ ಎಡವೋದು

ರೊಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟಲ್ಲ, ಬೇರೆ ಗಿಡದ ಪರಾಗ ಬೇಕು. ಅಂದ್ರೆ ಬೀಜದಿಂದ ಬೆಳೆಸಿದ ರೊಬಸ್ಟಾ ತೋಟದಲ್ಲಿ ಪಕ್ಕಪಕ್ಕದ ಎರಡು ಗಿಡ ಒಂದೇ ತರ ಇರಲ್ಲ, ಅಕ್ಕಪಕ್ಕದ ಮನೆಯವರೇ ಬೇರೆ ಬೇರೆ. ಒಂದು ಗಿಡದಿಂದ ನೀರು ಕೊಟ್ಟ ಸ್ಯಾಂಪಲ್, ಪಕ್ಕದ ಗಿಡದಿಂದ ನೀರು ಕೊಡದ ಸ್ಯಾಂಪಲ್ ತಗೊಂಡ್ರೆ ಕಾಣೋ ವ್ಯತ್ಯಾಸ ನೀರಿಂದಾ ಅಥವಾ ಗಿಡದ ಜಾತಕದ್ದಾ ಅಂತ ಹೇಳೋಕಾಗಲ್ಲ. ಆದ್ದರಿಂದ ಯಾರ ತೋಟದಲ್ಲಾದ್ರೂ ಕಸಿ ಮಾಡಿದ ಅಥವಾ ಕಟಿಂಗಿಂದ ಬೆಳೆಸಿದ ಸಿ ಇಂಟು ಆರ್ (ಕಾಂಜೆನ್ಸಿಸ್ ಮತ್ತು ರೊಬಸ್ಟಾ ಬೆರೆಸಿದ ತಳಿ) ಗಿಡಗಳಿದ್ರೆ ಅದನ್ನೇ ಹುಡುಕಿ, ಒಂದೇ ತಾಯಿ ಗಿಡದಿಂದ ಬಂದಿದ್ರೆ ಇನ್ನೂ ಒಳ್ಳೇದು. ಅದು ಸಿಗದೇ ಹೋದ್ರೆ ಗಿಡಗಳ ಸಂಖ್ಯೆ ಜಾಸ್ತಿ ಮಾಡಿ, ಪುಸ್ತಕದಲ್ಲಿ ಮೂರು ರೆಪ್ಲಿಕೇಟ್ ಸಾಕು ಅಂತ ಇರುತ್ತೆ, ಬೀಜದ ರೊಬಸ್ಟಾಗೆ ಒಂದೊಂದು ಕಡೆ ಆರು ಗಿಡಕ್ಕಿಂತ ಕಮ್ಮಿ ನಾನಂತೂ ಒಪ್ಪಲ್ಲ.

ಅರೇಬಿಕಾ ತಗೋಬಹುದಾ? ತಗೋಬಹುದು, ಅದು ತನ್ನ ಪರಾಗದಲ್ಲೇ ಕಾಯಿ ಕಟ್ಟೋದ್ರಿಂದ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಮ್ಮಿ. ಆದ್ರೆ ಅದರ ತಲೆನೋವು ಬೇರೆ. ಅರೇಬಿಕಾ ಅನ್ನೋದೇ ರೊಬಸ್ಟಾ ಜಾತಿ ಕೆನೆಫೋರಾ ಮತ್ತು ಯೂಜೀನಿಯಾಯ್ಡಿಸ್ ಅನ್ನೋ ಇನ್ನೊಂದು ಜಾತಿ ಬೆರೆತು ಹುಟ್ಟಿದ್ದು, 44 ಕ್ರೋಮೋಸೋಮು, ಎರಡೂ ಕಡೆಯ ಜೀನುಗಳು ಒಳಗೇ ಇವೆ, ಹೆಚ್ಚುಕಮ್ಮಿ ಒಂದೇ ತರ. ನಿಮ್ಮ ಪ್ರೈಮರ್ (ಬೇಕಾದ ಜೀನನ್ನ ಹಿಡಿಯೋ ಚಿಕ್ಕ ಡಿಎನ್‌ಎ ತುಂಡು) ಯಾವ ಕಡೆಯ ಜೀನ್ ಹಿಡೀತಾ ಇದೆ ಅಂತ ನೋಡ್ಕೊಂಡು ಡಿಸೈನ್ ಮಾಡಬೇಕು. ರೊಬಸ್ಟಾದಲ್ಲಿ 22 ಕ್ರೋಮೋಸೋಮು, ಜೀನೋಮ್ 2014ರಲ್ಲೇ ಬಂದಿದೆ, ಸುಮಾರು 25,500 ಜೀನು, ಕಾಫಿ ಜೀನೋಮ್ ಹಬ್ ಅಂತ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ. ಮೊದಲ ಸಲ ಮಾಡೋರಿಗೆ ರೊಬಸ್ಟಾನೇ ವಾಸಿ.

ಹೋಲಿಕೆಗೆ ಸ್ಪ್ರಿಂಕ್ಲರ್ ಇರೋದು ನಮ್ಮ ಪುಣ್ಯ. ಮಳೆ ಬಂದ್ರೆ ಎಲ್ಲಾ ಗಿಡಕ್ಕೂ ಬೀಳುತ್ತೆ, ಕಂಟ್ರೋಲ್ ಅನ್ನೋದೇ ಉಳಿಯಲ್ಲ, ಸ್ಪ್ರಿಂಕ್ಲರ್ ಆದ್ರೆ ಈ ಭಾಗಕ್ಕೆ ಇವತ್ತು ಆ ಭಾಗಕ್ಕೆ ನಾಲ್ಕು ದಿನ ಬಿಟ್ಟು ಅಂತ ಸರದಿ ಮೇಲೆ ಹೋಗುತ್ತೆ, ಆ ನಾಲ್ಕು ದಿನದ ಸಂದೇ ನಿಮ್ಮ ಎಕ್ಸ್‌ಪೆರಿಮೆಂಟು. ತೋಟದ ಲೆಕ್ಕಪತ್ರ ನೋಡ್ಕೊಳ್ಳೋ ರೈಟರ್ ಹತ್ರ ಮೊದಲೇ ಕೂತು ಮಾತಾಡಿ, ಯಾವ ಬ್ಲಾಕಿಗೆ ಯಾವತ್ತು, ಎಷ್ಟು ಗಂಟೆ ಜೆಟ್ ಓಡಿಸ್ತಾರೆ ಅಂತ ಬರ್ಕೊಳ್ಳಿ. "ಏನ್ ಸಾರ್, ಮೊಗ್ಗು ಕಿತ್ಕೊಂಡು ಹೋದ್ರೆ ನಮ್ಮ ಕ್ರಾಪ್ ಏನಾಗ್ಬೇಕು" ಅಂತ ಕೇಳೇ ಕೇಳ್ತಾರೆ, ಗಿಡಕ್ಕೆ ಒಂದು ಹಿಡಿ ಮೊಗ್ಗು ಅಷ್ಟೇ ಅಂತ ತೋರಿಸಿ, ಒಪ್ಕೋತಾರೆ. ನೀರು ಹಾಕಿದ ಜಾಗದಲ್ಲಿ ಮಳೆ ಅಳೆಯೋ ಗೇಜ್ ಇಟ್ಟು ಬಿದ್ದ ಇಂಚು ನೋಡಿ, ಒಂದರಿಂದ ಒಂದೂವರೆ ಇಂಚಿನ ಒಳಗಿದ್ರೆ ಸರಿ. ಮಧ್ಯದಲ್ಲಿ ಆಕಾಶದಿಂದ ಒಂದು ಇಪ್ಪತ್ತು ಸೆಂಟ್ ಬಿದ್ದುಬಿಟ್ರೆ ಕಂಟ್ರೋಲ್ ಬ್ಲಾಕ್ ಕೆಡ್ತು ಅಂತಾನೇ ಲೆಕ್ಕ, ಅದಕ್ಕೆ ಎರಡು ತೋಟದಲ್ಲಿ ಮಾತಾಡಿಟ್ಟಿದ್ರೆ ಒಳ್ಳೇದು, ಸುಂಟಿಕೊಪ್ಪ ಕಡೆ ಒಂದು, ಗೋಣಿಕೊಪ್ಪ ಕಡೆ ಒಂದು, ಎರಡೂ ಕಡೆ ಒಂದೇ ದಿನ ಮಳೆ ಆಗೋದು ಕಮ್ಮಿ.

ಹೊತ್ತಿನ ವಿಷಯ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಗಿಡದ ಎಷ್ಟೋ ಜೀನುಗಳು ಬೆಳಿಗ್ಗೆ ಒಂದು ಮಟ್ಟ, ಸಂಜೆ ಒಂದು ಮಟ್ಟ ಅಂತ ದಿನದ ಗಡಿಯಾರಕ್ಕೆ ತಕ್ಕಂತೆ ಏರಿ ಇಳೀತವೆ, ಅದಕ್ಕೂ ನೀರಿಗೂ ಸಂಬಂಧ ಇಲ್ಲ. ನೀರು ಹಾಕೋ ಮುಂಚೆ ಬೆಳಿಗ್ಗೆ ಎಂಟಕ್ಕೆ ಒಂದು ಸ್ಯಾಂಪಲ್, ಆರು ಗಂಟೆ ಆದ್ಮೇಲೆ ಮಧ್ಯಾಹ್ನ ಎರಡಕ್ಕೆ ಒಂದು ಅಂತ ತಗೊಂಡು ಜೀನ್ ಏರಿದೆ ಅಂದ್ರೆ ಅದು ಬರೀ ಮಧ್ಯಾಹ್ನ ಆಗಿದ್ದರಿಂದ ಏರಿದ್ದೂ ಆಗಿರಬಹುದು. ಆದ್ದರಿಂದ ಪ್ರತಿ ಹೊತ್ತಿಗೂ ನೀರು ಕಾಣದ ಬ್ಲಾಕಿಂದ ಅದೇ ಗಂಟೆಗೆ ಜೋಡಿ ಸ್ಯಾಂಪಲ್ ಬೇಕೇ ಬೇಕು. ನೆರಳೂ ನೋಡ್ಕೊಳ್ಳಿ, ಸಿಲ್ವರ್ ಓಕ್ ಕೆಳಗಿನ ಗಿಡಕ್ಕೂ ಮರ ಕಪಾತು ಮಾಡಿ ಬಿಸಿಲು ಬಿಟ್ಟಿರೋ ಜಾಗದ ಗಿಡಕ್ಕೂ ಎಲೆಯ ಬಿಸಿನೇ ಬೇರೆ, ಬಿಸಿ ಏರಿದ್ರೆ ಹೀಟ್ ಶಾಕ್ ಜೀನುಗಳು ಏಳ್ತವೆ, ನಿಮ್ಮ ಡೇಟಾದಲ್ಲಿ ಸುಮ್ನೆ ಗಲಾಟೆ.

ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಆದ್ರೆ ಇನ್ನೊಂದು, ಬೆಳಗಾಗೋ ಮುಂಚೆ ಒಬ್ಬರೇ ತೋಟಕ್ಕೆ ಇಳೀಬೇಡಿ. ಆನೆ ಎಲ್ಲಿದೆ ಅಂತ ಲೈನ್ ಮನೆಯಲ್ಲಿರೋ ತೋಟದ ಕೆಲಸದವರಿಗೆ ಗೊತ್ತಿರುತ್ತೆ, ಕೇಳ್ಕೊಂಡೇ ಹೋಗಿ. ಸ್ಯಾಂಪಲ್ ತಗೊಳ್ಳೋದು ಒಂದು ಗಂಟೆ ಲೇಟಾದ್ರೂ ಪರವಾಗಿಲ್ಲ, ಎರಡೂ ಬ್ಲಾಕಿಗೆ ಅದೇ ಲೇಟ್ ಇದ್ರೆ ಆಯ್ತು.

ಮೊಗ್ಗು ಕಿತ್ತ ಮೇಲೆ

ಮೊಗ್ಗು ಗಿಡದಿಂದ ಬಿಟ್ಟಿದ್ದು ಮೊಗ್ಗಿನ ಕೋಶಕ್ಕೆ ಗೊತ್ತಾಗುತ್ತೆ, ಅದು ಸತ್ತಿಲ್ಲ, ಇನ್ನೂ ಟ್ರಾನ್ಸ್‌ಕ್ರಿಪ್ಶನ್ ನಡೀತಾನೇ ಇದೆ. ಗಾಯ ಆಗಿದೆ, ನೀರು ನಿಂತಿದೆ ಅಂತ ಗಾಯದ ಜೀನುಗಳು, ಬರದ ಜೀನುಗಳು ಕೆಲವೇ ನಿಮಿಷದಲ್ಲಿ ಏಳ್ತವೆ. ಕವರಲ್ಲಿ ಹಾಕಿ ಬೈಕಲ್ಲಿ ಮಡಿಕೇರಿ ತನಕ ತಂದ್ರೆ ನೀವು ಅಳೆಯೋದು ಹೂಮಳೆನಲ್ಲ, ಬೈಕ್ ಸವಾರಿನ. ಹಾಗಾಗಿ ಕಿತ್ತ ತಕ್ಷಣ ಹೆಪ್ಪುಗಟ್ಟಿಸಬೇಕು, ಅದಕ್ಕೆ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ಗಿಂತ ಒಳ್ಳೇದು ಇನ್ನೊಂದಿಲ್ಲ.

ನೈಟ್ರೋಜನ್ ಎಲ್ಲಿ ಸಿಗುತ್ತೆ ಅಂದ್ರೆ, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡೋಕೆ ವೀರ್ಯದ ಸ್ಟ್ರಾ ಇಡೋದೇ ಅದರಲ್ಲಿ, ಪಶು ಆಸ್ಪತ್ರೆಗಳಲ್ಲಿ ಕ್ಯಾನ್ ನೋಡಿರ್ತೀರ. ಅವರದ್ದನ್ನೇ ಕೇಳಿ ಅಂತಲ್ಲ, ಆ ಕ್ಯಾನುಗಳನ್ನ ತುಂಬಿಸೋ ಸಪ್ಲೈಯರ್ ಯಾರು ಅಂತ ವಿಚಾರಿಸಿದ್ರೆ ದಾರಿ ಸಿಗುತ್ತೆ. ಕಾಲೇಜಿನ ಲೆಟರ್ ಇಟ್ಕೊಳ್ಳಿ. ಕಾರಲ್ಲಿ ತರುವಾಗ ಕಿಟಕಿ ಪೂರ್ತಿ ಇಳಿಸಿ, ಒಂದು ಲೀಟರ್ ಲಿಕ್ವಿಡ್ ಆವಿಯಾದ್ರೆ ಸುಮಾರು 700 ಲೀಟರ್ ಗ್ಯಾಸ್ ಆಗುತ್ತೆ, ಎಸಿ ಹಾಕಿ ಕಿಟಕಿ ಮುಚ್ಚಿದ ಕಾರಲ್ಲಿ ಆಮ್ಲಜನಕ ಕಮ್ಮಿ ಆಗಿ ಗೊತ್ತೇ ಆಗದೆ ಪ್ರಜ್ಞೆ ತಪ್ಪಬಹುದು. ಮುಚ್ಚಳ ಬಿಗಿಯಾಗಿ ತಿರುಗಿಸೋ ಫ್ಲಾಸ್ಕಿಗೆ ಯಾವತ್ತೂ ಹಾಕ್ಬೇಡಿ, ಒಡೆಯುತ್ತೆ. ಬಸ್ಸಲ್ಲಂತೂ ಬೇಡವೇ ಬೇಡ.

ಕೆಲಸ ಮಾಡೋ ರೀತಿ ಹೀಗೆ. ಇಬ್ಬರು ಬೇಕು. ಒಬ್ಬರು ಗ್ಲೌಸ್ ಹಾಕ್ಕೊಂಡು ಗಿಡದ ನಡುಮಟ್ಟದ ರೆಂಬೆಗಳಿಂದ, ಒಂದೇ ಸೈಜಿನ ಮೊಗ್ಗುಗಳನ್ನ ಫೋರ್ಸೆಪ್ಸಲ್ಲಿ ಬಿಡಿಸಿ ಅಲ್ಯೂಮಿನಿಯಂ ಫಾಯಿಲ್ ತುಂಡಿನ ಮೇಲೆ ಹಾಕ್ತಾರೆ, ಇನ್ನೊಬ್ಬರು ತಕ್ಷಣ ಮಡಚಿ ನೈಟ್ರೋಜನ್‌ಗೆ ಇಳಿಸ್ತಾರೆ. ಮೊಗ್ಗಿನ ಮೇಲೆ ಅಂಟು ಅಂಟಾಗಿ ಇರುತ್ತೆ, ಫೋರ್ಸೆಪ್ಸಿಗೆ ಮೆತ್ತಿಕೊಂಡು ಬಿಡಲ್ಲ, ಅದನ್ನ ಬಿಡಿಸ್ತಾ ನಿಂತ್ರೆ ಹೊತ್ತು ಹೋಗುತ್ತೆ, ಎರಡು ಮೂರು ಫೋರ್ಸೆಪ್ಸ್ ಇಟ್ಕೊಳ್ಳಿ. ಗಿಡದ ನಂಬರ್ ಪೆನ್ಸಿಲಲ್ಲಿ ಬರೆದ ಚೀಟಿ ಫಾಯಿಲ್ ಒಳಗೇ ಹಾಕಿ, ಮಾರ್ಕರ್ ಬರಹ ನೈಟ್ರೋಜನಲ್ಲಿ ಉದುರಿಹೋಗುತ್ತೆ. ಒಂದು ಗಿಡದ ಮೊಗ್ಗೆಲ್ಲಾ ಸೇರಿ ಒಂದು ಸ್ಯಾಂಪಲ್, ಬೇರೆ ಗಿಡದ್ದನ್ನ ಅದಕ್ಕೆ ಬೆರೆಸಬೇಡಿ.

ನೈಟ್ರೋಜನ್ ಸಿಗಲೇ ಇಲ್ಲ ಅಂದ್ರೆ ಆರ್‌ಎನ್‌ಎ ಲೇಟರ್ ಅನ್ನೋ ದ್ರಾವಣ ಇದೆ, ಉಪ್ಪಿನಂಶ ತುಂಬಾ ಇರೋ ನೀರು ಅದು, ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಮೊಗ್ಗನ್ನ ಬ್ಲೇಡಲ್ಲಿ ಸೀಳಿ ಹಾಕಬೇಕು, ಇಲ್ಲಾಂದ್ರೆ ಮೇಲಿನ ಅಂಟು ಮೇಣದಿಂದ ಒಳಗೆ ಇಳಿಯಲ್ಲ. ಸೀಳೋದೂ ಗಾಯವೇ ತಾನೇ, ಹಾಗಾಗಿ ಇದು ಎರಡನೇ ಆಯ್ಕೆ.

ಆರ್‌ಎನ್‌ಎ ತೆಗೆಯೋದು

ಕಾಫಿಯಲ್ಲಿ ಕ್ಲೋರೋಜೆನಿಕ್ ಆಸಿಡ್ ತರದ ಫೀನಾಲ್ ವಸ್ತುಗಳು ರಾಶಿ ಇವೆ. ಕೋಶ ಒಡೆದು ಗಾಳಿ ತಾಗಿದ ತಕ್ಷಣ ಕಂದು ಬಣ್ಣಕ್ಕೆ ತಿರುಗಿ ಆರ್‌ಎನ್‌ಎಗೆ ಅಂಟಿಕೊಳ್ಳುತ್ತವೆ, ಜೊತೆಗೆ ಲೋಳೆ ತರದ ಪಾಲಿಸ್ಯಾಕರೈಡು ಬೇರೆ. ಮಾಮೂಲಿ ಟ್ರೈಜಾಲ್ ತರದ ರೀಏಜೆಂಟಲ್ಲಿ ಮಾಡಿದ್ರೆ ಟ್ಯೂಬಿನ ತಳದಲ್ಲಿ ಕಂದು ಜೆಲ್ಲಿ ಕೂರುತ್ತೆ, ಅದು ನೀರಲ್ಲಿ ಕರಗಲ್ಲ. ದುಬಾರಿ ಕಿಟ್ ಖರ್ಚು ಮಾಡೋ ಮುಂಚೆ ಹಳೇ ಸಿಟಿಎಬಿ (ಸೋಪಿನ ತರದ ರಾಸಾಯನಿಕ) ವಿಧಾನ ಮಾಡಿ ನೋಡಿ, ಪೈನ್ ಮರಕ್ಕೆ ಅಂತ 1993ರಲ್ಲಿ ಬಂದಿದ್ದು, ಇಂಥ ಹಟಮಾರಿ ಗಿಡಗಳಿಗೆ ಇವತ್ತಿಗೂ ಅದೇ ಗತಿ.

ಬಫರಲ್ಲಿ ಸಿಟಿಎಬಿ 2 ಪರ್ಸೆಂಟ್, ಪಿವಿಪಿ 2 ಪರ್ಸೆಂಟ್, ಟ್ರಿಸ್ 100 ಮಿಲಿಮೋಲಾರ್ ಪಿಎಚ್ 8, ಇಡಿಟಿಎ 25 ಮಿಲಿಮೋಲಾರ್, ಉಪ್ಪು 2 ಮೋಲಾರ್. ಫೀನಾಲನ್ನ ಪಿವಿಪಿ ಹಿಡ್ಕೊಳ್ಳುತ್ತೆ, ಕಂದಾಗೋದನ್ನ ಬೀಟಾ ಮರ್‌ಕ್ಯಾಪ್ಟೋಇಥನಾಲ್ ತಡೆಯುತ್ತೆ, ಅದನ್ನ ಬಳಸೋ ಹೊತ್ತಿಗೆ 2 ಪರ್ಸೆಂಟ್ ಸೇರಿಸಿ, ಫ್ಯೂಮ್ ಹುಡ್ ಒಳಗೇ ಸೇರಿಸಿ, ವಾಸನೆ ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತಾಗುತ್ತೆ. ಬಫರ್ 65 ಡಿಗ್ರಿಗೆ ಬಿಸಿ ಮಾಡಿಟ್ಕೊಂಡಿರಿ. ಮೊಗ್ಗನ್ನ ನೈಟ್ರೋಜನ್ ಸುರಿದ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ಪುಡಿ ಒಂದು ಕ್ಷಣವೂ ಕರಗಬಾರದು, ಅಂಚಲ್ಲಿ ಒದ್ದೆ ಕಂಡ್ರೆ ಇನ್ನಷ್ಟು ನೈಟ್ರೋಜನ್ ಸುರೀರಿ. ಸುಮಾರು 100 ಮಿಲಿಗ್ರಾಂ ಪುಡಿ ತಣ್ಣಗಿನ ಸ್ಪ್ಯಾಚುಲಾದಲ್ಲಿ ತೆಗೆದು 1 ಎಂಎಲ್ ಬಿಸಿ ಬಫರಿಗೆ ಹಾಕಿ ಜೋರಾಗಿ ಅಲ್ಲಾಡಿಸಿ. 65 ಡಿಗ್ರಿಯಲ್ಲಿ ಹತ್ತು ನಿಮಿಷ. ಆಮೇಲೆ ಅಷ್ಟೇ ಪ್ರಮಾಣ ಕ್ಲೋರೋಫಾರ್ಮ್ ಐಸೋಅಮೈಲ್ ಆಲ್ಕೋಹಾಲ್ 24ಕ್ಕೆ 1, ಸೆಂಟ್ರಿಫ್ಯೂಜ್, ಮೇಲಿನ ನೀರು ಮಾತ್ರ ತಗೊಳ್ಳಿ, ಮಧ್ಯದ ಬಿಳಿ ಪದರ ಮುಟ್ಟಬೇಡಿ, ಇನ್ನೊಂದ್ಸಲ ಅದೇ. ಮೇಲಿನ ನೀರು ಪೂರ್ತಿ ಬೇಕು ಅಂತ ಆಸೆಪಟ್ಟು ಪಿಪೆಟ್ಟನ್ನ ಪದರದ ತನಕ ಇಳಿಸೋರೇ ಜಾಸ್ತಿ, ನೂರು ಮೈಕ್ರೋಲೀಟರ್ ಬಿಟ್ರೆ ಏನೂ ನಷ್ಟ ಇಲ್ಲ. ಈಗ 10 ಮೋಲಾರ್ ಲಿಥಿಯಂ ಕ್ಲೋರೈಡ್ ಕಾಲು ಭಾಗ ಸೇರಿಸಿ ರಾತ್ರಿ ಪೂರ್ತಿ 4 ಡಿಗ್ರಿಯಲ್ಲಿ ಇಡಿ. ಲಿಥಿಯಂ ಆರ್‌ಎನ್‌ಎನ ಕೆಳಗೆ ಕೂರಿಸುತ್ತೆ, ಡಿಎನ್‌ಎ ಮತ್ತು ಲೋಳೆಯ ಬಹುಪಾಲು ಮೇಲೇ ಉಳಿಯುತ್ತೆ, ಈ ವಿಧಾನದ ಜೀವಾಳವೇ ಇದು. ಬೆಳಿಗ್ಗೆ ತಣ್ಣಗೆ ಅರ್ಧ ಗಂಟೆ ಸೆಂಟ್ರಿಫ್ಯೂಜ್, 70 ಪರ್ಸೆಂಟ್ ಎಥನಾಲಲ್ಲಿ ತೊಳೆದು, ಆರ್‌ಎನ್‌ಏಸ್ ಇಲ್ಲದ ನೀರಲ್ಲಿ ಕರಗಿಸಿ. ಪೆಲೆಟ್ ಬೆಳ್ಳಗೆ ಅಥವಾ ಕಾಣದ ಹಾಗೆ ಇದ್ರೆ ಖುಷಿಪಡಿ, ಕಂದು ಇದ್ರೆ ಪಿವಿಪಿ ಅಥವಾ ಮರ್‌ಕ್ಯಾಪ್ಟೋ ಕಮ್ಮಿ ಆಗಿದೆ, ಇಲ್ಲಾ ಪುಡಿ ಜಾಸ್ತಿ ಹಾಕಿದೀರ. ಕ್ಲೋರೋಫಾರ್ಮ್ ವೇಸ್ಟ್ ಸಿಂಕಿಗೆ ಚೆಲ್ಲಬೇಡಿ, ನಮ್ಮಲ್ಲಿ ಚರಂಡಿ ಹರಿದು ಹೋಗೋದು ತೋಡಿಗೇ, ತೋಡು ಸೇರೋದು ಹೊಳೆಗೇ.

ಆರ್‌ಎನ್‌ಏಸ್ ಬಗ್ಗೆ ಒಂದು ಮಾತು. ಆರ್‌ಎನ್‌ಎನ ಕತ್ತರಿಸೋ, ನಮ್ಮ ಬೆವರಲ್ಲೇ ಇರೋ ಈ ಎಂಜೈಮು ಕುದಿಸಿದ್ರೂ ತಣ್ಣಗಾದ್ಮೇಲೆ ಮತ್ತೆ ಎದ್ದು ಕೂರುತ್ತೆ. ನೀರಿಗೆ ಆ ಎಂಜೈಮ್ ಕೆಡಿಸೋ ಡಿಇಪಿಸಿ ಅನ್ನೋ ರಾಸಾಯನಿಕ 0.1 ಪರ್ಸೆಂಟ್ ಹಾಕಿ ರಾತ್ರಿ ಇಟ್ಟು ಆಟೋಕ್ಲೇವ್ ಮಾಡೋದು ಇದಕ್ಕೇ. ಆದ್ರೆ ಟ್ರಿಸ್ ಇರೋ ಬಫರಿಗೆ ಡಿಇಪಿಸಿ ಹಾಕಿ ಪ್ರಯೋಜನ ಇಲ್ಲ, ಎರಡೂ ಒಂದಕ್ಕೊಂದು ತಿಂದ್ಕೊಳ್ಳುತ್ತವೆ, ಡಿಇಪಿಸಿ ಹಾಕಿ ಆಟೋಕ್ಲೇವ್ ಮಾಡಿದ ನೀರಲ್ಲಿ ಟ್ರಿಸ್ ಕರಗಿಸಿ. ಗ್ಲೌಸ್ ಹಾಕ್ಕೊಂಡೇ ಫೋನ್ ಮುಟ್ಟಿ ಅದೇ ಕೈಯಲ್ಲಿ ಟ್ಯೂಬ್ ತೆಗೆಯೋದು ಎಲ್ಲಾ ಲ್ಯಾಬಲ್ಲೂ ನಡೆಯೋದೇ, ಆ ಅಭ್ಯಾಸ ಬಿಟ್ಬಿಡಿ.

ಆರ್‌ಎನ್‌ಎ ಎಷ್ಟು ಶುದ್ಧ ಅಂತ ಬೆಳಕಲ್ಲಿ ಅಳೆಯೋ ನ್ಯಾನೋಡ್ರಾಪಲ್ಲಿ 260/280 ಅನುಪಾತ 2ರ ಹತ್ತಿರ ಇರಬೇಕು, 260/230 ಕೂಡ 2ರ ಸುತ್ತಮುತ್ತ. ಕಾಫಿಗೆ ಎರಡನೆಯದೇ ಪರೀಕ್ಷೆ, ಅದು 1ಕ್ಕಿಂತ ಕೆಳಗೆ ಇದ್ರೆ ಫೀನಾಲೋ ಲೋಳೆಯೋ ಉಳಿದಿದೆ, ಇನ್ನೊಂದ್ಸಲ ಲಿಥಿಯಂ ಮಾಡಿ. ಜೆಲ್ ಓಡಿಸಿದ್ರೆ ರೈಬೋಸೋಮಿನ ಆರ್‌ಎನ್‌ಎದು 25ಎಸ್ ಮತ್ತು 18ಎಸ್ ಅಂತ ಎರಡು ಪಟ್ಟೆ ಚೆನ್ನಾಗಿ ಕಾಣಬೇಕು. ಮೊಗ್ಗಿನ ಬದಲು ಎಲೆ ತಗೊಂಡಿದ್ರೆ ಕೆಳಗೆ ಇನ್ನೂ ಕೆಲವು ಪಟ್ಟೆ ಬರುತ್ತೆ, ಅದು ಕ್ಲೋರೋಪ್ಲಾಸ್ಟಿನ ರೈಬೋಸೋಮಿದು, ಆರ್‌ಎನ್‌ಎ ಹಾಳಾಗಿದೆ ಅಂತ ಗಾಬರಿ ಆಗಿ ಎಸೀಬೇಡಿ.

ಸಿಡಿಎನ್‌ಎ, ಪ್ರೈಮರ್, ಮೆಷಿನ್

ಡಿಎನ್‌ಏಸ್ ಹಾಕಿ ಉಳಿದ ಡಿಎನ್‌ಎ ಕಳೀರಿ, 1 ಮೈಕ್ರೋಗ್ರಾಂ ಆರ್‌ಎನ್‌ಎ ಎಲ್ಲಾ ಸ್ಯಾಂಪಲ್ಲಿಗೂ ಒಂದೇ ಅಳತೆ ತಗೊಂಡು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಜೈಮಲ್ಲಿ ಸಿಡಿಎನ್‌ಎ, ಅಂದ್ರೆ ಆರ್‌ಎನ್‌ಎ ನೋಡಿ ಬರೆದ ಡಿಎನ್‌ಎ ಪ್ರತಿ, ಮಾಡಿ. ಎಲ್ಲಾ ಸ್ಯಾಂಪಲ್ ಒಂದೇ ದಿನ ಒಂದೇ ಮಿಕ್ಸಲ್ಲಿ. ಇದನ್ನ ಮೇ ತಿಂಗಳ ಒಳಗೆ ಮುಗಿಸಿ ಅಂತ ನನ್ನ ಸಲಹೆ, ಜೂನ್ ಬಂದು ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಮೈನಸ್ 80 ಫ್ರೀಜರಿಗೆ ಜನರೇಟರ್ ಇದ್ರೂ ಡೀಸೆಲ್ ಹಾಕೋ ಪುಣ್ಯಾತ್ಮ ಬೇಕಲ್ಲ. ಸಿಡಿಎನ್‌ಎ ಆದ್ರೆ ಮೈನಸ್ 20ರಲ್ಲಿ ಆರಾಮಾಗಿ ಇರುತ್ತೆ, ಐಸ್ ಪೆಟ್ಟಿಗೆಯಲ್ಲಿ ಮೈಸೂರಿಗೋ ಮಂಗಳೂರಿಗೋ ತಗೊಂಡು ಹೋಗಿ ಅಲ್ಲಿನ ಮೆಷಿನಲ್ಲಿ ಓಡಿಸಬಹುದು.

ಜೀನ್ ಯಾವುದು ಆರಿಸೋದು? ಹೂ ಅರಳೋದರಲ್ಲಿ ಎಥಿಲೀನ್ ಹಾರ್ಮೋನಿನ ಕೈ ಇದೆ ಅಂತ ಕಾಫಿ ಮೇಲೆ ಕೆಲಸ ಆಗಿದೆ, ಎಥಿಲೀನ್ ತಯಾರಿಯ ಕೊನೇ ಹೆಜ್ಜೆ ಮಾಡೋದು ಎಸಿಸಿ ಆಕ್ಸಿಡೇಸ್ ಅನ್ನೋ ಎಂಜೈಮ್, ಅದರ ಜೀನ್ ಒಂದು ತಗೊಳ್ಳಿ. ಬರ ಇದ್ದಾಗ ಏರಿ ನೀರು ಬಿದ್ಮೇಲೆ ಇಳಿಯಬೇಕಾದ ಡಿಆರ್‌ಇಬಿ ಗುಂಪಿನದ್ದು ಒಂದು. ಏರೋದು ಒಂದು, ಇಳಿಯೋದು ಒಂದು ಇದ್ರೆ ನಿಮ್ಮ ನೀರಿನ ಟ್ರೀಟ್‌ಮೆಂಟ್ ನಿಜಕ್ಕೂ ಮೊಗ್ಗಿಗೆ ತಲುಪಿದೆಯಾ ಅಂತ ತಾನಾಗೇ ಗೊತ್ತಾಗುತ್ತೆ. ಇಪ್ಪತ್ತು ಜೀನ್ ಇಟ್ಕೊಂಡು ಅರ್ಧಂಬರ್ಧ ಮಾಡೋದಕ್ಕಿಂತ ನಾಲ್ಕು ಜೀನ್ ಸರಿಯಾಗಿ ಮಾಡಿ.

ಪ್ರೈಮರ್ 20 ಅಕ್ಷರದ ಆಸುಪಾಸು, ಕರಗೋ ತಾಪಮಾನ 60 ಡಿಗ್ರಿ, ಪ್ರಾಡಕ್ಟ್ 80ರಿಂದ 150 ಬೇಸ್. ಸಾಧ್ಯ ಆದ್ರೆ ಎರಡು ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯೋ ತುಂಡು) ಸೇರೋ ಜಾಗದ ಮೇಲೆ ಕೂರೋ ಹಾಗೆ ಮಾಡಿ, ಆಗ ಡಿಎನ್‌ಎ ಉಳಿದಿದ್ರೂ ಅದನ್ನ ಹಿಡಿಯಲ್ಲ. ಬಂದ ಮೇಲೆ ಸಿಡಿಎನ್‌ಎನ ಹತ್ತತ್ತು ಪಟ್ಟು ತೆಳು ಮಾಡ್ತಾ ಹೋಗಿ ಗೆರೆ ಹಾಕಿ, ಸ್ಲೋಪ್ ಮೈನಸ್ 3.32 ಬಂದ್ರೆ ನೂರಕ್ಕೆ ನೂರು ದಕ್ಷತೆ, 90ರಿಂದ 110ರ ಒಳಗೆ ಇದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಬೇರೆ ಪ್ರೈಮರ್. ಮೆಲ್ಟ್ ಕರ್ವಲ್ಲಿ ಒಂದೇ ಗುಡ್ಡ ಇರಬೇಕು.

ರೆಫರೆನ್ಸ್ ಜೀನ್, ಅಂದ್ರೆ ಹೋಲಿಸೋಕೆ ಇಟ್ಕೊಳ್ಳೋ ಮಟ್ಟ ಬದಲಾಗದ ಜೀನ್, ಇದರ ವಿಷಯದಲ್ಲಿ ಎಲ್ಲರೂ ಆಕ್ಟಿನ್ ಹಾಕ್ತಾರೆ ನಾನೂ ಹಾಕ್ತೀನಿ ಅನ್ನೋದು ನಡೆಯಲ್ಲ. ಬೆಳೆಯೋಕೆ ಶುರು ಮಾಡಿದ ಮೊಗ್ಗಲ್ಲಿ ಆಕ್ಟಿನ್ನೇ ಏರಬಹುದು, ಆಗ ನಿಮ್ಮ ಅಳತೆಗೋಲೇ ಉದ್ದ ಆಯ್ತು. ಜಿಎಪಿಡಿಎಚ್, ಯುಬಿಕ್ವಿಟಿನ್ ಕಾಫಿಯಲ್ಲಿ ಬಳಕೆಯಲ್ಲಿವೆ, ಮೂರ್ನಾಲ್ಕು ತಗೊಂಡು ನಿಮ್ಮ ಸ್ಯಾಂಪಲ್‌ಗಳಲ್ಲೇ ಓಡಿಸಿ ಜೀನಾರ್ಮ್ ಅಥವಾ ನಾರ್ಮ್‌ಫೈಂಡರ್ ಅನ್ನೋ ಸಾಫ್ಟ್‌ವೇರಲ್ಲಿ ಹಾಕಿ, ಅಲುಗಾಡದ ಎರಡನ್ನ ಇಟ್ಕೊಳ್ಳಿ. ಕ್ಯುಪಿಸಿಆರ್ ಪೇಪರಲ್ಲಿ ಏನೇನು ಬರೀಬೇಕು ಅಂತ ಹೇಳೋ 2009ರ ಎಂಐಕ್ಯೂಇ ಗೈಡ್‌ಲೈನಲ್ಲಿ ಇದೆಲ್ಲಾ ಕೇಳ್ತಾರೆ, ಪೇಪರ್ ಕಳಿಸುವಾಗ ರಿವ್ಯೂವರ್ ಮೊದಲು ನೋಡೋದೇ ಅದು.

ಪ್ಲೇಟಲ್ಲಿ ಎರಡು ಕಂಟ್ರೋಲ್ ಇಡೋದು ಮರೀಬೇಡಿ. ಸಿಡಿಎನ್‌ಎ ಬದಲು ಬರೀ ನೀರು ಹಾಕಿದ ವೆಲ್ ಒಂದು, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದೇ ಮಾಡಿದ ಸ್ಯಾಂಪಲ್ಲಿನ ವೆಲ್ ಒಂದು. ಎರಡನೆಯದರಲ್ಲಿ ಸಿಗ್ನಲ್ ಬೇಗ ಬಂದ್ರೆ ನೀವು ಡಿಎನ್‌ಎ ಅಳೀತಾ ಇದೀರ.

ಲೆಕ್ಕ 2001ರಲ್ಲಿ ಲಿವಾಕ್ ಮತ್ತು ಶ್ಮಿಟ್‌ಜೆನ್ ಬರೆದ ಡೆಲ್ಟಾ ಡೆಲ್ಟಾ ಸಿಟಿ ವಿಧಾನದ್ದು. ಸಿಟಿ ಅಂದ್ರೆ ಎಷ್ಟನೇ ಸೈಕಲ್ಲಿಗೆ ಸಿಗ್ನಲ್ ಗೊತ್ತುಮಾಡಿದ ಗೆರೆ ದಾಟಿತು ಅನ್ನೋದು, ಡೆಲ್ಟಾ ಅಂದ್ರೆ ವ್ಯತ್ಯಾಸ. ಉದಾಹರಣೆಗೆ ಸುಮ್ನೆ ಅಂಕಿ ತಗೊಳ್ಳೋಣ. ನೀರು ಕಂಡ ಮೊಗ್ಗಲ್ಲಿ ಎಸಿಸಿ ಆಕ್ಸಿಡೇಸಿನ ಸಿಟಿ 24, ರೆಫರೆನ್ಸ್ 18, ವ್ಯತ್ಯಾಸ 6. ನೀರು ಕಾಣದ್ದರಲ್ಲಿ 27 ಮತ್ತು 18.5, ವ್ಯತ್ಯಾಸ 8.5. ಆರರಲ್ಲಿ ಎಂಟೂವರೆ ಕಳೆದ್ರೆ ಮೈನಸ್ 2.5. ಎರಡರ ಘಾತ 2.5 ಅಂದ್ರೆ ಸುಮಾರು 5.7, ಅಂದ್ರೆ ಐದೂಮುಕ್ಕಾಲು ಪಟ್ಟು ಹತ್ತಿರ ಜಾಸ್ತಿ. ಸಿಟಿ ಕಮ್ಮಿ ಅಂದ್ರೆ ಎಂಆರ್‌ಎನ್‌ಎ ಜಾಸ್ತಿ, ಇದು ಉಲ್ಟಾ ಅಂತ ನೆನಪಿರಲಿ, 35 ದಾಟಿದ ಸಿಟಿನ ನಂಬೋ ಮುಂಚೆ ನೀರಿನ ವೆಲ್ ಕಡೆ ಒಮ್ಮೆ ನೋಡಿ. ಟಿ ಟೆಸ್ಟನ್ನ ಡೆಲ್ಟಾ ಸಿಟಿ ಮೇಲೆ ಮಾಡಿ, ಪಟ್ಟಿನ ಅಂಕಿ ಮೇಲಲ್ಲ, ಅದು ಒಂದೇ ಕಡೆ ಉದ್ದಕ್ಕೆ ಎಳೆದಿರುತ್ತೆ. ಒಂದೇ ಸಿಡಿಎನ್‌ಎನ ಮೂರು ವೆಲ್ಲಿಗೆ ಹಾಕಿ ಎನ್ ಮೂರು ಅಂತ ಬರೆಯೋದು ಇನ್ನೂ ನಿಂತಿಲ್ಲ. ಎನ್ ಅಂದ್ರೆ ಗಿಡ, ವೆಲ್ ಅಲ್ಲ.

ಆಮೇಲೆ, ಯಾರು ಆನ್ ಮಾಡಿದ್ದು ಅಂತ ಹುಡುಕೋಕೆ

ಜೀನ್ ಏರಿದ್ದು ಗೊತ್ತಾಯ್ತು, ಏರಿಸಿದ್ದು ಯಾರು? ಸುಲಭದ ಮೊದಲ ಹೆಜ್ಜೆ ಜೀನೋಮ್ ಹಬ್ಬಿಂದ ಆ ಜೀನಿನ ಮೇಲಿನ 1500 ಬೇಸ್ ತಗೊಂಡು ಪ್ಲಾಂಟ್‌ಕೇರ್ ತರದ ಸೈಟಿಗೆ ಹಾಕೋದು, ಯಾವ ಫ್ಯಾಕ್ಟರ್ ಕೂರೋ ಅಕ್ಷರಗಳಿವೆ ಅಂತ ಪಟ್ಟಿ ಕೊಡುತ್ತೆ. ಆ ಪಟ್ಟಿನ ದೇವರ ವಾಕ್ಯ ಅಂತ ತಗೋಬೇಡಿ, ಐದಾರು ಅಕ್ಷರದ ಜೋಡಣೆ 1500ರಲ್ಲಿ ಸುಮ್ನೆ ಆಕಸ್ಮಿಕವಾಗಿಯೂ ಸಿಗುತ್ತೆ. ನಿಜಕ್ಕೂ ಅಲ್ಲಿ ಪ್ರೋಟೀನ್ ಕೂತಿದೆಯಾ ಅಂತ ನೋಡೋಕೆ ಚಿಪ್ ಬೇಕು, ಕ್ರೊಮ್ಯಾಟಿನ್ ಇಮ್ಯುನೋಪ್ರೆಸಿಪಿಟೇಶನ್, ಮೊಗ್ಗನ್ನ ವ್ಯಾಕ್ಯೂಮಲ್ಲಿ 1 ಪರ್ಸೆಂಟ್ ಫಾರ್ಮಾಲ್ಡಿಹೈಡ್ ಕುಡಿಸಿ ಪ್ರೋಟೀನು ಡಿಎನ್‌ಎಗೆ ಅಂಟಿಸಿ, ಗ್ಲೈಸಿನ್ ಹಾಕಿ ನಿಲ್ಲಿಸಿ, ಆಂಟಿಬಾಡಿಯಲ್ಲಿ ಎಳೆಯೋದು. ಕಾಫಿಯ ಫ್ಯಾಕ್ಟರುಗಳಿಗೆ ಆಂಟಿಬಾಡಿ ಅಂಗಡಿಯಲ್ಲಿ ಸಿಗಲ್ಲ, ಹಿಸ್ಟೋನ್ ಎಚ್3 ಅಸಿಟೈಲ್ ಗುರುತಿನ ಆಂಟಿಬಾಡಿ ಮಾತ್ರ ಗಿಡ ಪ್ರಾಣಿ ಅನ್ನದೆ ಹೆಚ್ಚಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಎಚ್3 ಎಲ್ಲಾ ಕಡೆ ಬಹುತೇಕ ಒಂದೇ. ಎಂಎಸ್ಸಿಗೆ ಇದು ಭಾರ, ಪಿಎಚ್‌ಡಿಗೆ ಇಟ್ಕೊಳ್ಳಿ.

ಎಂಎಸ್ಸಿಯಲ್ಲೇ ಆಗೋ ಒಂದು ಉಪಾಯ ಇದೆ, ಮೇಲೆ ಹೇಳ್ತೀನಿ ಅಂದಿದ್ದು. ಹೊಸದಾಗಿ ನಕಲಾದ ಆರ್‌ಎನ್‌ಎಯಲ್ಲಿ ಇಂಟ್ರಾನ್ (ಎಕ್ಸಾನುಗಳ ಮಧ್ಯದ ತುಂಡು) ಇನ್ನೂ ಇರುತ್ತೆ, ಸ್ವಲ್ಪ ಹೊತ್ತಲ್ಲೇ ಕೋಶ ಅದನ್ನ ಕತ್ತರಿಸಿ ತೆಗೆದುಹಾಕುತ್ತೆ. ಹಾಗಾಗಿ ಇಂಟ್ರಾನ್ ಒಳಗೆ ಪ್ರೈಮರ್ ಕೂರಿಸಿ ಅಳೆದ್ರೆ ಈಗ ತಾನೇ ಬರೀತಾ ಇರೋದು ಎಷ್ಟು ಅನ್ನೋ ಅಂದಾಜು ಸಿಗುತ್ತೆ. ಎಕ್ಸಾನ್ ಪ್ರೈಮರಲ್ಲಿ ಏರಿದೆ, ಇಂಟ್ರಾನ್ ಪ್ರೈಮರಲ್ಲಿ ಏರಿಲ್ಲ ಅಂದ್ರೆ ಜೀನ್ ಜಾಸ್ತಿ ಓಡಿಲ್ಲ, ಎಂಆರ್‌ಎನ್‌ಎ ಕರಗೋದು ನಿಧಾನ ಆಗಿದೆ. ಎರಡೂ ಏರಿದ್ರೆ ಟ್ರಾನ್ಸ್‌ಕ್ರಿಪ್ಶನ್ ಅಂತ ಧೈರ್ಯವಾಗಿ ಬರೀಬಹುದು. ಇದಕ್ಕೆ ಸಿಡಿಎನ್‌ಎ ಮಾಡುವಾಗ ಎಂಆರ್‌ಎನ್‌ಎ ತುದಿಯ ಬಾಲಕ್ಕೆ ಕೂರೋ ಓಲಿಗೋ ಡಿಟಿ ಪ್ರೈಮರ್ ಒಂದೇ ಸಾಲಲ್ಲ, ಬಾಲ ಇನ್ನೂ ಬರದ ಆರ್‌ಎನ್‌ಎನೂ ಹಿಡೀಬೇಕಲ್ಲ, ಎಲ್ಲಿ ಬೇಕಾದ್ರೂ ಕೂರೋ ಆರಕ್ಷರದ ರ‍್ಯಾಂಡಮ್ ಹೆಕ್ಸಾಮರ್ ಹಾಕಿ. ಇಂಟ್ರಾನ್ ಡಿಎನ್‌ಎಯಲ್ಲೂ ಇರೋದ್ರಿಂದ ಡಿಎನ್‌ಏಸ್ ಎರಡು ಸಲ ಮಾಡಿ, ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಕಂಟ್ರೋಲನ್ನ ಪ್ರತಿಯೊಂದು ಸ್ಯಾಂಪಲ್ಲಿಗೂ ಇಡಿ, ಅದಕ್ಕೂ ನಿಜವಾದ ಸ್ಯಾಂಪಲ್ಲಿಗೂ ಸಿಟಿಯಲ್ಲಿ ಕಮ್ಮಿ ಅಂದ್ರೆ ಐದಾರರ ಅಂತರ ಇಲ್ಲದಿದ್ರೆ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಈ ಯೋಚನೆ ಜಾಸ್ತಿ ಜನಕ್ಕೆ ಹೊಳೆಯೋದು ಮೊದಲ ಗ್ರಾಫ್ ಕೈಗೆ ಬಂದ್ಮೇಲೆ, ಅಷ್ಟೊತ್ತಿಗೆ ಹೂವಿನ ಸೀಸನ್ ಮುಗಿದು ಒಂದು ವರ್ಷ ಕಾಯಬೇಕು, ಅದಕ್ಕೇ ಪುಡಿ ಮಾಡಿದ ಮೊಗ್ಗನ್ನ ಮೊದಲನೇ ಸಲವೇ ಪೂರ್ತಿ ಖಾಲಿ ಮಾಡ್ಬೇಡಿ, ಗಿಡಕ್ಕೊಂದು ಟ್ಯೂಬ್ ಅಂತ 100 ಮಿಲಿಗ್ರಾಂ ಹೆಸರು ದಿನಾಂಕ ಗಂಟೆ ಬರೆದು ಮೈನಸ್ 80ರಲ್ಲಿ ಎತ್ತಿಡಿ.